ಬಂಡಿ ಹೊಡೆಯುವ ಸರದಿ ಯಾರದು: ರಾಕ್ಷಸರನ್ನು ಬಚ್ಚಿಡುವ ಊರುಗಳ ಸಿನಿಮಾಗಳಲ್ಲಿ ಯಾವುದನ್ನು ಆರಿಸಬೇಕು

ಒಂದು ಚಿಕ್ಕ ಊರು, ಆ ಊರಿನ ನೆಲದಡಿಯಲ್ಲೋ ನೀರಿನಲ್ಲೋ ಪಾಳುಮನೆಯಲ್ಲೋ ಅಡಗಿರುವ ವಿಕಾರ ಜೀವಿ, ಅದು ಅಲ್ಲಿರುವುದು ಗೊತ್ತಿದ್ದೂ ಬಾಯಿ ಬಿಡದ ಜನ, ಏನೂ ತಿಳಿಯದೆ ಬಂದು ಸಿಕ್ಕಿಕೊಳ್ಳುವ ಅಪರಿಚಿತರು. ಇಷ್ಟೇ ಸಾಮಗ್ರಿಯನ್ನು ಇಟ್ಟುಕೊಂಡು ಕಳೆದ ಐವತ್ತು ವರ್ಷಗಳಲ್ಲಿ ಹಲವು ಹಾರರ್ ಸಿನಿಮಾಗಳು ಬಂದಿವೆ. ದಸರಾ ರಜೆಯಲ್ಲೋ ಬೇಸಿಗೆಯಲ್ಲೋ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಮನೆಗಳಲ್ಲಿ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳೆಲ್ಲ ಸೇರಿದ ರಾತ್ರಿ, ಊಟ ಮುಗಿಸಿ ಟಿವಿಯ ಮುಂದೆ ಚಾಪೆ ಹಾಸಿಕೊಂಡು ಕುಳಿತವರು ಇವುಗಳಲ್ಲಿ ಒಂದನ್ನು ಹುಡುಕುವುದು ಈಗ ಸಾಮಾನ್ಯವಾಗಿದೆ. ಆರಿಸುವಾಗ ಹೆಚ್ಚಿನವರು ಕೇಳುವುದು ಆ ಜೀವಿ ನೋಡಲು ಹೇಗಿದೆ, ಎಷ್ಟು ಹೆದರಿಸುತ್ತದೆ ಎಂಬುದನ್ನು ಮಾತ್ರ. ಹೀಗೆ ಆರಿಸಿದಾಗ ದೊಡ್ಡವರು ಅರ್ಧಕ್ಕೇ ಎದ್ದು ಹೋಗುವುದನ್ನೂ, ಚಿಕ್ಕ ಮಕ್ಕಳು ನೋಡಬಾರದ್ದನ್ನು ನೋಡಿ ರಾತ್ರಿಯೆಲ್ಲ ನಿದ್ದೆಗೆಡುವುದನ್ನೂ ನಾನು ಬೇಕಾದಷ್ಟು ಕಂಡಿದ್ದೇನೆ.

ಇಂತಹ ಸಿನಿಮಾಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಇರುವ ನಿಜವಾದ ವ್ಯತ್ಯಾಸ ಊರಿನಲ್ಲಿದೆ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಹಲ್ಲು, ಉಗುರು, ಲೋಳೆ ಎಲ್ಲ ಸಿನಿಮಾಗಳಲ್ಲೂ ಸಿಗುತ್ತವೆ. ಊರು ಆ ಜೀವಿಯನ್ನು ಏಕೆ ಸಹಿಸಿಕೊಂಡಿದೆ, ಅದರೊಂದಿಗೆ ಯಾವ ಒಪ್ಪಂದ ಮಾಡಿಕೊಂಡಿದೆ, ಆ ಒಪ್ಪಂದಕ್ಕೆ ಯಾರ ಮಕ್ಕಳು ಬೆಲೆ ತೆರುತ್ತಾರೆ ಎಂಬುದು ಮಾತ್ರ ಪ್ರತಿ ಸಿನಿಮಾದಲ್ಲೂ ಬೇರೆ ಬೇರೆಯಾಗಿರುತ್ತದೆ. ಇದನ್ನು ಮೊದಲೇ ತಿಳಿದುಕೊಂಡರೆ, ಆ ರಾತ್ರಿ ಮನೆಯಲ್ಲಿ ಇರುವವರಿಗೆ ಯಾವುದು ಹೊಂದುತ್ತದೆ ಎಂದು ಹೇಳುವುದು ಕಷ್ಟವಲ್ಲ.

ಅಳತೆಗೋಲು ಕೈವಾರದಲ್ಲೇ ಇದೆ

ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರನಗರವೆಂದು ನಮ್ಮ ಕಡೆಯ ಜನ ತಲೆಮಾರುಗಳಿಂದ ನಂಬಿಕೊಂಡು ಬಂದಿದ್ದಾರೆ. ಅಲ್ಲಿನ ಭೀಮಲಿಂಗೇಶ್ವರ ದೇವಾಲಯಕ್ಕೆ ಹೋದವರಿಗೆಲ್ಲ ಬಕಾಸುರನ ಕಥೆ ಗೊತ್ತು. ಆದರೆ ನಾವು ಮಕ್ಕಳಿಗೆ ಹೇಳುವಾಗ ಭೀಮ ಬಂಡಿಯಲ್ಲಿದ್ದ ಅನ್ನವನ್ನೆಲ್ಲ ತಾನೇ ಉಂಡ ಭಾಗವನ್ನು ಹಿಗ್ಗಿಸಿ, ಅದಕ್ಕೆ ಮೊದಲು ಬರುವ ಭಾಗವನ್ನು ಬೇಗನೆ ದಾಟಿಬಿಡುತ್ತೇವೆ. ಮೂಲದಲ್ಲಿ ಅದೇ ಭಯಂಕರವಾದ ಭಾಗ. ಆ ಸೀಮೆಯ ದೊರೆ ಕೈಲಾಗದವನು. ಊರನ್ನು ಶತ್ರುಗಳಿಂದ ಕಾಯುತ್ತಿದ್ದವನು ಬಕನೇ. ಕಾದದ್ದಕ್ಕೆ ಪ್ರತಿಯಾಗಿ ಅವನು ಕೇಳಿದ್ದು ಒಂದು ಬಂಡಿ ಅನ್ನ, ಎರಡು ಕೋಣ, ಮತ್ತು ಬಂಡಿ ಹೊಡೆದುಕೊಂಡು ಬಂದ ಮನುಷ್ಯ. ಒಂದೊಂದು ಮನೆಗೆ ಸರದಿ ಬರುವುದು ಎಷ್ಟೋ ವರ್ಷಕ್ಕೊಮ್ಮೆಯಾದ್ದರಿಂದ, ಉಳಿದ ದಿನಗಳಲ್ಲಿ ಊರು ಎಂದಿನಂತೆ ಉಂಡು ಮಲಗುತ್ತಿತ್ತು. ತಪ್ಪಿಸಿಕೊಳ್ಳಲು ಯತ್ನಿಸಿದವರ ಸಂಸಾರವನ್ನೇ ಬಕ ತಿಂದುಹಾಕುತ್ತಿದ್ದ. ಕೊನೆಗೆ ಪಾಂಡವರು ಆಶ್ರಯ ಪಡೆದಿದ್ದ ಬ್ರಾಹ್ಮಣನ ಮನೆಗೆ ಸರದಿ ಬಂದಾಗ ಗಂಡ, ಹೆಂಡತಿ, ಮಗಳು ಒಬ್ಬರಿಗಿಂತ ಒಬ್ಬರು ಮುಂದಾಗಿ ತಾವೇ ಹೋಗುವುದಾಗಿ ಅಳುತ್ತಾರೆ, ತೊದಲು ಮಾತಿನ ಚಿಕ್ಕ ಹುಡುಗ ಒಂದು ಹುಲ್ಲುಕಡ್ಡಿ ಹಿಡಿದು ಇದರಿಂದಲೇ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತಾನೆ. ಆ ಅಳುವನ್ನು ಕೇಳಿ ಒಳಗೆ ಬಂದವಳು ಕುಂತಿ. ಅವಳು ಆ ಊರಿನವಳಲ್ಲ, ಅವಳಿಗೆ ಸರದಿಯೂ ಇಲ್ಲ, ಆದರೂ ತನ್ನ ಮಗನನ್ನೇ ಕಳಿಸುತ್ತಾಳೆ.

ಈ ಕಥೆಯಿಂದ ಮೂರು ಪ್ರಶ್ನೆಗಳನ್ನು ತೆಗೆದುಕೊಳ್ಳಬಹುದು. ರಾಕ್ಷಸನಿಂದ ಊರಿಗೆ ಏನು ಸಿಗುತ್ತದೆ? ಬಂಡಿ ಹೊಡೆಯುವ ಸರದಿ ಯಾರದು? ಅಳು ಕೇಳಿಸಿದ ಮನೆಗೆ ಯಾರಾದರೂ ಬರುತ್ತಾರೆಯೇ? ಮುಂದಿನ ಸಿನಿಮಾಗಳನ್ನೆಲ್ಲ ನಾನು ಈ ಮೂರರಿಂದಲೇ ತೂಗಿದ್ದೇನೆ. ಕೊನೆಗೆ ಏನಾಗುತ್ತದೆ ಎಂಬುದನ್ನು ಎಲ್ಲಿಯೂ ಬಿಟ್ಟುಕೊಟ್ಟಿಲ್ಲ.

ವ್ಯಾಪಾರಕ್ಕಾಗಿ ಮುಚ್ಚಿಡುವ ಊರು

1975ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ ‘ಜಾಸ್’ ಸಿನಿಮಾದಲ್ಲಿರುವುದು ರಾಕ್ಷಸನಲ್ಲ, ಒಂದು ಶಾರ್ಕ್ ಮೀನು. ಹಾಗಿದ್ದರೂ ಈ ಸಾಲಿನಲ್ಲಿ ಅದಕ್ಕೆ ಮೊದಲ ಸ್ಥಾನ ಸಲ್ಲಬೇಕು, ಏಕೆಂದರೆ ಊರೊಂದು ಸಾವನ್ನು ಮುಚ್ಚಿಡುವ ಬಗೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಸಿನಿಮಾಗಳು ಕಡಿಮೆ. ಅಮಿಟಿ ಎಂಬ ದ್ವೀಪದ ಊರು ಬೇಸಿಗೆಯ ಪ್ರವಾಸಿಗರನ್ನು ನಂಬಿ ಬದುಕುತ್ತದೆ, ಜುಲೈ 4ರ ರಜೆಯ ಸಂಪಾದನೆ ವರ್ಷವಿಡೀ ಉಣ್ಣಿಸಬೇಕು. ಮೊದಲ ಹೆಣ ಸಿಕ್ಕಾಗ ಪೊಲೀಸ್ ಅಧಿಕಾರಿ ಕಡಲತೀರ ಮುಚ್ಚಲು ಹೊರಟರೆ ಮೇಯರ್ ತಡೆಯುತ್ತಾನೆ, ಹೆಣ ಪರೀಕ್ಷಿಸಿದ ವೈದ್ಯನೇ ತನ್ನ ಮಾತು ಬದಲಿಸಿ ದೋಣಿಯ ಅಪಘಾತವಿರಬಹುದು ಎನ್ನುತ್ತಾನೆ. ಆಮೇಲೆ ಸಾಯುವುದು ಒಬ್ಬ ಹುಡುಗ. ಅವನ ತಾಯಿ ಕಪ್ಪು ಬಟ್ಟೆಯಲ್ಲಿ ಬಂದು, ಗೊತ್ತಿದ್ದೂ ಬಿಟ್ಟಿರಿ ಎಂದು ಅಧಿಕಾರಿಯ ಕೆನ್ನೆಗೆ ಹೊಡೆಯುವ ದೃಶ್ಯ ಶಾರ್ಕ್ ಕಾಣುವ ಯಾವ ದೃಶ್ಯಕ್ಕಿಂತಲೂ ಹೆಚ್ಚು ನಡುಗಿಸುತ್ತದೆ.

ವಾರದ ಕೊನೆಯಲ್ಲಿ ಬೆಂಗಳೂರಿನಿಂದ ಬರುವ ಜನರನ್ನು ನೆಚ್ಚಿಕೊಂಡು ನಂದಿ ಬೆಟ್ಟದ ದಾರಿಯಲ್ಲಿ ಅಂಗಡಿ ಇಟ್ಟವರಿಗೆ ಆ ಮೇಯರ್‌ನ ಅಳುಕು ಒಳಗಿನಿಂದಲೇ ಅರ್ಥವಾಗುತ್ತದೆ. ಅವನನ್ನು ಕೆಟ್ಟವನೆಂದು ಪಕ್ಕಕ್ಕೆ ತಳ್ಳಿಬಿಡಲು ಆಗದಿರುವುದೇ ಸಿನಿಮಾದ ಬಲ. ಚಿತ್ರೀಕರಣಕ್ಕಾಗಿ ಮಾಡಿಸಿದ್ದ ಯಾಂತ್ರಿಕ ಶಾರ್ಕ್ ಉಪ್ಪುನೀರಿನಲ್ಲಿ ಮತ್ತೆ ಮತ್ತೆ ಕೆಟ್ಟದ್ದರಿಂದ ನಿರ್ದೇಶಕರು ಅದನ್ನು ಹೆಚ್ಚು ತೋರಿಸಲಾಗಲಿಲ್ಲ, ಹೀಗಾಗಿ ಸಿನಿಮಾದ ಬಹುಭಾಗ ನೀರಿನ ಮೇಲ್ಮೈ, ಸಂಗೀತ ಮತ್ತು ಜನರ ಮುಖಗಳ ಮೇಲೆ ನಿಂತಿತು. 124 ನಿಮಿಷದ ಈ ಸಿನಿಮಾವನ್ನು ಹತ್ತನೆಯ ತರಗತಿ ದಾಟಿದ ಮಕ್ಕಳು, ಅಪ್ಪ ಅಮ್ಮ, ಮಾವಂದಿರು ಒಟ್ಟಿಗೆ ಕುಳಿತು ನೋಡಬಹುದು. ರಕ್ತ ಇದೆ, ಆದರೆ ಕಥೆಗೆ ಬೇಕಾದಷ್ಟೇ ಇದೆ.

ಇದರ ಪಕ್ಕದಲ್ಲಿ 2011ರ ‘ಸೂಪರ್ 8’ ಇಡಬಹುದು. ಜೆ. ಜೆ. ಏಬ್ರಮ್ಸ್ ನಿರ್ದೇಶಿಸಿದ, ಸ್ಪೀಲ್‌ಬರ್ಗ್ ನಿರ್ಮಾಪಕರಲ್ಲಿ ಒಬ್ಬರಾಗಿದ್ದ ಈ ಸಿನಿಮಾದ ಕಥೆ ನಡೆಯುವುದು 1979ರಲ್ಲಿ, ಒಹಾಯೊ ರಾಜ್ಯದ ಲಿಲಿಯನ್ ಎಂಬ ಕಲ್ಪಿತ ಊರಿನಲ್ಲಿ. ಶಾಲಾ ಮಕ್ಕಳ ಗುಂಪೊಂದು ರಾತ್ರಿ ರೈಲು ನಿಲ್ದಾಣದಲ್ಲಿ ತಮ್ಮದೇ ಪುಟ್ಟ ಸಿನಿಮಾ ಚಿತ್ರಿಸುತ್ತಿರುವಾಗ ರೈಲು ಹಳಿ ತಪ್ಪುತ್ತದೆ, ಅದರಲ್ಲಿದ್ದ ಏನೋ ಒಂದು ಹೊರಗೆ ಬರುತ್ತದೆ. ಊರಿನ ನಾಯಿಗಳೆಲ್ಲ ಓಡಿಹೋಗುತ್ತವೆ, ಕಾರುಗಳ ಎಂಜಿನ್‌ಗಳು ಮಾಯವಾಗುತ್ತವೆ. ಇಲ್ಲಿ ಮುಚ್ಚಿಡುತ್ತಿರುವುದು ವಾಯುಪಡೆ, ಊರಿಗೆ ಏನೂ ಗೊತ್ತಿಲ್ಲ. ಆ ಕಾರಣಕ್ಕೇ ನಮ್ಮ ಮೂರು ಪ್ರಶ್ನೆಗಳಿಗೆ ಇದರಲ್ಲಿ ಆಳವಾದ ಉತ್ತರ ಸಿಗುವುದಿಲ್ಲ. ಆದರೆ ತಾಯಿಯನ್ನು ಕಳೆದುಕೊಂಡ ಹುಡುಗನೊಬ್ಬ ಎದುರಿಗಿರುವ ಜೀವಿಯ ನೋವನ್ನು ಗುರುತಿಸುವ ಬಗೆ ಸೊಗಸಾಗಿದೆ. ಮೊಬೈಲಿನಲ್ಲಿ ಕಿರುಚಿತ್ರ ಮಾಡುತ್ತಿರುವ ಹುಡುಗ ಹುಡುಗಿಯರು ಮನೆಯಲ್ಲಿದ್ದರೆ ಬೇರೆ ಯೋಚನೆ ಬೇಡ, ಇದನ್ನೇ ಹಾಕಿ. ಆ ಮಕ್ಕಳು ಮಾಡಿದ ಸಿನಿಮಾವನ್ನು ಕೊನೆಯ ಹೆಸರುಗಳ ಜೊತೆಗೆ ತೋರಿಸುತ್ತಾರೆ, ಅದಕ್ಕೂ ಮೊದಲು ಟಿವಿ ಆರಿಸಬೇಡಿ.

ಹೊನ್ನಿಗಾಗಿ ಪೂಜಿಸುವ ಊರು

ಊರೇ ತಿಳಿದೂ ತಿಳಿದೂ ರಾಕ್ಷಸನ ಕಡೆ ಸೇರಿದ ಕಥೆ ಬೇಕಾದರೆ ಇರುವ ಆಯ್ಕೆಗಳಲ್ಲಿ ‘ಡೇಗನ್’ ಮತ್ತು ‘ತುಂಬಾಡ್’ ಎಂಬ ಎರಡನ್ನು ಎದುರುಬದುರು ಇಟ್ಟು ನೋಡಬೇಕು. ಎರಡರಲ್ಲೂ ದೇವರಂತೆ ಪೂಜೆಗೊಂಡ ಜೀವಿ ಇದೆ, ಅದರಿಂದ ಸಿಗುವ ಚಿನ್ನ ಇದೆ, ಚಿನ್ನಕ್ಕಾಗಿ ಮನುಷ್ಯತ್ವವನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟುಬಿಡುವ ಜನರಿದ್ದಾರೆ. ಆದರೆ ಒಂದನ್ನು ನೋಡಬೇಕಾದವರೇ ಬೇರೆ, ಇನ್ನೊಂದನ್ನು ನೋಡಬೇಕಾದವರೇ ಬೇರೆ.

‘ಡೇಗನ್’ 2001ರಲ್ಲಿ ಸ್ಟುವರ್ಟ್ ಗಾರ್ಡನ್ ಸ್ಪೇನಿನಲ್ಲಿ ಮಾಡಿದ ಸಿನಿಮಾ. ಹೆಸರು ಡೇಗನ್ ಎಂದಿದ್ದರೂ ಕಥೆಯ ಬಹುಭಾಗ ಬಂದಿರುವುದು ಅಮೆರಿಕದ ಲೇಖಕ ಲವ್‌ಕ್ರಾಫ್ಟ್ ಅವರು 1936ರಲ್ಲಿ ಪ್ರಕಟಿಸಿದ, ಇನ್ಸ್‌ಮತ್ ಎಂಬ ಬಂದರು ಊರಿನ ನೀಳ್ಗತೆಯಿಂದ. ಗುಟ್ಟು ಬಚ್ಚಿಡುವ ಊರಿನ ಸಿನಿಮಾಗಳಲ್ಲಿ ಅನೇಕವಕ್ಕೆ ಆ ನೀಳ್ಗತೆಯೇ ತಾಯಿಬೇರು. ಸಿನಿಮಾದಲ್ಲಿ ಬಿರುಗಾಳಿಗೆ ಸಿಕ್ಕಿ ದಡ ಸೇರಿದ ಪಾಲ್ ಎಂಬ ತರುಣ ಇಂಬೋಕಾ ಎಂಬ ಮೀನುಗಾರರ ಊರಿಗೆ ಬರುತ್ತಾನೆ. ಮಳೆ ಸುರಿಯುತ್ತಲೇ ಇರುತ್ತದೆ, ಬೀದಿಗಳು ಬರಿದು, ಕಾಣಸಿಗುವ ಕೆಲವರ ನಡಿಗೆ, ಕಣ್ಣು, ಕೈಬೆರಳುಗಳಲ್ಲಿ ಏನೋ ಸರಿಯಿಲ್ಲ. ಊರಿನಲ್ಲಿ ಉಳಿದ ಒಬ್ಬನೇ ಮನುಷ್ಯನಾದ ಮುದುಕ ಎಸೆಕಿಯೆಲ್ ಹಿಂದಿನದನ್ನು ಹೇಳುತ್ತಾನೆ. ಕಡಲಿನಲ್ಲಿ ಮೀನು ಸಿಗದೆ ಮಕ್ಕಳು ಹಸಿದಿದ್ದ ಕಾಲದಲ್ಲಿ ಒಬ್ಬ ಹಡಗಿನವನು ಬಂದು, ನಿಮ್ಮ ಚರ್ಚಿನ ದೇವರು ಕೊಡದ್ದನ್ನು ಕಡಲಿನ ದೇವರು ಕೊಡುತ್ತಾನೆ ಎಂದ. ಜನ ಪ್ರಾರ್ಥಿಸಿದರು, ಬಲೆಗಳು ತುಂಬಿದವು, ಬಲೆಯ ಜೊತೆಗೆ ಚಿನ್ನವೂ ಬಂತು. ಆಮೇಲೆ ಡೇಗನ್ ಬಲಿ ಕೇಳಿದ. ಆ ಮುದುಕನ ಪಾತ್ರದಲ್ಲಿ ಸ್ಪೇನಿನ ಹಿರಿಯ ನಟ ಫ್ರಾನ್ಸಿಸ್ಕೊ ರಬಾಲ್ ಇದ್ದಾರೆ, ಅವರು ತೀರಿಕೊಂಡದ್ದೂ ಅದೇ 2001ರಲ್ಲಿ. ಅವರು ಕಥೆ ಹೇಳುವ ಆ ಕೆಲವು ನಿಮಿಷಗಳಿಗಾಗಿಯೇ ಸಿನಿಮಾವನ್ನು ಕ್ಷಮಿಸಬಹುದಾದ ಸಂಗತಿಗಳು ಬಹಳ ಇವೆ. ಕಂಪ್ಯೂಟರಿನಲ್ಲಿ ಮಾಡಿದ ದೃಶ್ಯಗಳು ಇಂದು ತೀರ ಕಳಪೆಯಾಗಿ ಕಾಣುತ್ತವೆ.

ಕ್ಷಮಿಸಲಾಗದೆ ಹೋಗಬಹುದಾದದ್ದು ಹಿಂಸೆ. ಜೀವಂತ ಮನುಷ್ಯನ ಚರ್ಮ ಸುಲಿಯುವುದನ್ನು ಈ ಸಿನಿಮಾ ಕ್ಯಾಮೆರಾ ತಿರುಗಿಸದೆ ತೋರಿಸುತ್ತದೆ, ನಗ್ನತೆಯೂ ಇದೆ. ಮಕ್ಕಳು ಅಥವಾ ಹಿರಿಯರು ಇರುವ ಕೋಣೆಯಲ್ಲಿ ಇದನ್ನು ಹಾಕಲೇಬಾರದು. ಮೂಲ ನೀಳ್ಗತೆಯ ಬಗ್ಗೆಯೂ ಒಂದು ಮಾತನ್ನು ಹೇಳಬೇಕು. ಹೊರಗಿನ ಜನರ ರಕ್ತ ಬೆರೆತರೆ ತಮ್ಮವರು ಕೆಡುತ್ತಾರೆಂಬ ಲವ್‌ಕ್ರಾಫ್ಟ್ ಅವರ ಜನಾಂಗೀಯ ಭಯ ಆ ಕಥೆಯ ಒಳಗೇ ಇದೆ. ಸಿನಿಮಾ ಆ ಭಾರವನ್ನು ಸ್ವಲ್ಪ ಇಳಿಸಿ, ಹಸಿದ ಊರೊಂದು ಮಾಡಿಕೊಂಡ ಒಪ್ಪಂದದ ಕಡೆಗೆ ಕಥೆಯನ್ನು ತಿರುಗಿಸಿದೆ. ಅದು ಒಳ್ಳೆಯ ತೀರ್ಮಾನವೆಂದೇ ನನ್ನ ಎಣಿಕೆ.

‘ಡೇಗನ್’ ನೋಡುವಾಗ ನಮ್ಮ ಸೀಮೆಯವರಿಗೆ ಹೊಳೆಯಬೇಕಾದ ಒಂದು ಭೇದವಿದೆ. ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ರಾಶಿ ರಾಶಿ ನಾಗರಕಲ್ಲುಗಳಿವೆ, ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೆ ಪೂಜೆ ಸಲ್ಲುತ್ತದೆ. ಹಾವು, ಚೇಳು ಎರಡೂ ಕೊಲ್ಲಬಲ್ಲ ಜೀವಿಗಳೇ. ಆದರೆ ನಮ್ಮ ಹಿರಿಯರು ಆ ಭಯವನ್ನು ಹಗಲಿನಲ್ಲಿ, ಎಲ್ಲರ ಕಣ್ಣೆದುರಿಗೆ, ಅರಿಸಿನ ಕುಂಕುಮ ಹಚ್ಚಿ ಕೂರಿಸಿದರು. ಹೊರಗಿನವರು ಬಂದರೆ ಅವರಿಗೂ ತೋರಿಸುತ್ತಾರೆ. ಇಂಬೋಕಾದಲ್ಲಿ ನಡೆಯುವುದು ಇದರ ತಿರುಗುಮುರುಗು. ಅಲ್ಲಿ ಪೂಜೆಯೇ ಗುಟ್ಟು, ಬೀಗ ಹಾಕಿದ ಬಾಗಿಲಿನ ಹಿಂದಿನದು. ಹಾಗೆ ಮುಚ್ಚಿಟ್ಟ ಕೂಡಲೇ ಬಲಿ ಬೇಕೆಂದು ಕೇಳುವ ದೇವರು ಹುಟ್ಟುತ್ತಾನೆ.

‘ತುಂಬಾಡ್’ 2018ರ ಹಿಂದಿ ಸಿನಿಮಾ, ನಿರ್ದೇಶನ ರಾಹಿ ಅನಿಲ್ ಬರ್ವೆ. ಬಿಡುಗಡೆಯಾದಾಗ ಬಹಳ ಜನ ನೋಡಲಿಲ್ಲ, 2024ರಲ್ಲಿ ಮತ್ತೆ ಚಿತ್ರಮಂದಿರಗಳಿಗೆ ಬಂದಾಗ ಮೊದಲಿಗಿಂತ ಹೆಚ್ಚು ಗಳಿಸಿತು. ಮಹಾರಾಷ್ಟ್ರದ ತುಂಬಾಡ್ ಎಂಬ ಹಳ್ಳಿಯಲ್ಲಿ 1918ರಿಂದ 1947ರವರೆಗೆ ಮೂರು ಭಾಗಗಳಲ್ಲಿ ಕಥೆ ನಡೆಯುತ್ತದೆ. ಎಲ್ಲ ದೇವರನ್ನೂ ಹೆತ್ತ ದೇವಿಯ ಮೊದಲ ಮಗ ಹಸ್ತರ್. ಅವನು ದೇವಿಯ ಚಿನ್ನವನ್ನೆಲ್ಲ ಬಾಚಿಕೊಂಡು ಧಾನ್ಯಕ್ಕೂ ಕೈ ಹಾಕಿದಾಗ ಉಳಿದ ದೇವರು ಅವನ ಮೇಲೆ ಬಿದ್ದರು, ದೇವಿ ಅವನನ್ನು ತನ್ನ ಗರ್ಭದಲ್ಲಿ ಬಚ್ಚಿಟ್ಟು ಉಳಿಸಿಕೊಂಡಳು. ಅವನ ಹೆಸರೆತ್ತಿ ಪೂಜಿಸಬಾರದೆಂಬ ಕಟ್ಟಳೆಯನ್ನು ಮೀರಿ ತುಂಬಾಡಿನವರು ಗುಡಿ ಕಟ್ಟಿದ್ದರಿಂದ ಆ ಹಳ್ಳಿಯ ಮೇಲೆ ಮಳೆ ನಿಲ್ಲದೆ ಸುರಿಯುತ್ತದೆ. ಆ ಗುಡಿಯ ಗುಟ್ಟು ಕ್ರಮೇಣ ಊರಿನ ಕೈ ಬಿಟ್ಟು ಒಂದೇ ಮನೆತನದ ಆಸ್ತಿಯಾಗುತ್ತದೆ, ತಂದೆ ಮಗನಿಗೆ ಕಲಿಸಿಕೊಡುವ ಕಸುಬಾಗುತ್ತದೆ.

ಬಕನಿಗೆ ಬಂಡಿ ಅನ್ನ ಬೇಕಾಗಿತ್ತು. ಹಸ್ತರ್‌ಗೆ ಚಿನ್ನವಿದೆ, ಹಿಟ್ಟಿಲ್ಲ, ಯುಗಯುಗಗಳ ಹಸಿವಿದೆ. ಒಳಗಿಳಿಯುವವರು ಹಿಟ್ಟಿನ ಗೊಂಬೆ ತೋರಿಸಿ ಅವನ ಚಿನ್ನ ಕದಿಯುತ್ತಾರೆ. ಇಲ್ಲಿ ಊರು ರಾಕ್ಷಸನಿಗೆ ಹೆದರಿ ಉಣಿಸುತ್ತಿಲ್ಲ, ಮನುಷ್ಯನೇ ಅವನ ಹಸಿವನ್ನು ಬಂಡವಾಳ ಮಾಡಿಕೊಂಡಿದ್ದಾನೆ. ಹೀಗೆ ಲೆಕ್ಕ ತಲೆಕೆಳಗಾದದ್ದರಿಂದಲೇ ‘ತುಂಬಾಡ್’ ಮಿಕ್ಕವಕ್ಕಿಂತ ಮೇಲೆ ನಿಲ್ಲುತ್ತದೆ ಎಂದು ನನಗೆ ಅನ್ನಿಸುತ್ತದೆ. ಇದಕ್ಕೆ ವಯಸ್ಕರಿಗೆ ಮಾತ್ರ ಎಂಬ ‘ಎ’ ಪ್ರಮಾಣಪತ್ರವಿದೆ. ಕಾಲೇಜು ಮುಗಿಸಿದವರು, ಹಿಂದಿ ಬಲ್ಲ ದೊಡ್ಡವರು, ಪುರಾಣಕಥೆಗಳಲ್ಲಿ ಆಸಕ್ತಿ ಇರುವ ಹಿರಿಯರು ನೋಡಬೇಕಾದ ಸಿನಿಮಾ ಇದು. ಒಂದೇ ಷರತ್ತು, ಮೊಬೈಲಿನ ಪರದೆಯಲ್ಲಿ ನೋಡಬಾರದು. ದೀಪ, ಕತ್ತಲೆ, ಮಳೆಯಿಂದಲೇ ಕಟ್ಟಿದ ದೃಶ್ಯಗಳು ಅಂಗೈಯಗಲದ ಪರದೆಯಲ್ಲಿ ಬರಿಯ ಕಪ್ಪಾಗಿ ಕಾಣುತ್ತವೆ. ‘ಡೇಗನ್’ ಮತ್ತು ‘ತುಂಬಾಡ್’ ಎರಡರಲ್ಲಿ ಒಂದೇ ಎಂದರೆ ನಾನು ಅನುಮಾನವಿಲ್ಲದೆ ‘ತುಂಬಾಡ್’ ಎನ್ನುತ್ತೇನೆ. ಹಾರರ್ ಪ್ರಕಾರದ ಇತಿಹಾಸ ಹುಡುಕುತ್ತಿರುವವರು ಮಾತ್ರ ‘ಡೇಗನ್’ ಕಡೆ ಹೋಗಲಿ.

ಕಂಡೂ ಕಾಣದಂತಿರುವ ಊರು

2017ರ ‘ಇಟ್’ ಸಿನಿಮಾದಲ್ಲಿ ಒಪ್ಪಂದವೇ ಇಲ್ಲ. ಡೆರಿ ಎಂಬ ಊರಿನ ಚರಂಡಿಗಳಲ್ಲಿ ಅಡಗಿ, 27 ವರ್ಷಕ್ಕೊಮ್ಮೆ ಎದ್ದು ಮಕ್ಕಳನ್ನು ತಿನ್ನುವ ಜೀವಿಯ ಬಗ್ಗೆ ದೊಡ್ಡವರು ಮಾತನಾಡುವುದಿಲ್ಲ, ಕಾಣೆಯಾದ ಒಂದು ಮಗುವಿನ ಚಿತ್ರದ ಮೇಲೆ ಇನ್ನೊಂದರ ಚಿತ್ರ ಅಂಟಿಸಿ ಮುಂದೆ ಹೋಗುತ್ತಾರೆ. ಒಂದು ದೃಶ್ಯದಲ್ಲಿ ಪುಂಡ ಹುಡುಗರು ಒಬ್ಬ ಬಾಲಕನನ್ನು ಸೇತುವೆಯ ಬಳಿ ಹಿಡಿದು ಹಿಂಸಿಸುತ್ತಿರುವಾಗ ವಯಸ್ಸಾದ ದಂಪತಿಯ ಕಾರೊಂದು ಹತ್ತಿರದಲ್ಲೇ ಹಾದುಹೋಗುತ್ತದೆ. ಅವರು ನೋಡುತ್ತಾರೆ, ನಿಲ್ಲಿಸುವುದಿಲ್ಲ. ಜೀವಿ ಇಡೀ ಊರಿನ ಕಣ್ಣಿಗೆ ಪೊರೆ ಬರಿಸಿದೆ ಎಂಬುದು ಅಷ್ಟರಿಂದಲೇ ಅರ್ಥವಾಗುತ್ತದೆ. ಸ್ಟೀವನ್ ಕಿಂಗ್ ಅವರ 1986ರ ಬೃಹತ್ ಕಾದಂಬರಿಯಲ್ಲಿ ಊರಿನ ಈ ಮೌನಕ್ಕೆ ಇನ್ನೂ ಹೆಚ್ಚು ಜಾಗವಿದೆ. 135 ನಿಮಿಷದ ಸಿನಿಮಾದಲ್ಲಿ ಅದರ ಸ್ವಲ್ಪ ಭಾಗ ಮಾತ್ರ ಬಂದಿದೆ.

ಪೋಸ್ಟರಿನಲ್ಲಿ ಮಕ್ಕಳೂ ಕೋಡಂಗಿಯೂ ಇರುವುದರಿಂದ ಇದನ್ನು ಮಕ್ಕಳ ಸಿನಿಮಾ ಎಂದುಕೊಂಡು ಹಾಕುವವರಿದ್ದಾರೆ. ಮೊದಲ ಹತ್ತು ನಿಮಿಷದಲ್ಲೇ, ಕಾಗದದ ದೋಣಿಯ ಹಿಂದೆ ಓಡಿದ ಪುಟ್ಟ ಹುಡುಗನಿಗೆ ಏನಾಗುತ್ತದೆಂದು ನೋಡಿದ ಮಗುವಿಗೆ ಮಳೆಗಾಲದ ಚರಂಡಿ ಮೊದಲಿನಂತೆ ಕಾಣುವುದಿಲ್ಲ. ಪಿಯುಸಿ ದಾಟದವರಿಗೆ ಬೇಡ. ದಾಟಿದವರಿಗೆ, ಅದರಲ್ಲೂ ಚಿಕ್ಕಂದಿನಲ್ಲಿ ತಮ್ಮ ಮಾತನ್ನು ಯಾರೂ ನಂಬಲಿಲ್ಲವೆಂಬ ನೋವು ಉಳಿದಿರುವವರಿಗೆ, ಇದು ಬಹಳ ಹತ್ತಿರವಾಗುತ್ತದೆ. ಏಕಚಕ್ರದಲ್ಲಿ ಹುಲ್ಲುಕಡ್ಡಿ ಹಿಡಿದು ನಿಂತ ಹುಡುಗನ ಮಾತಿಗೆ ಅಳುತ್ತಿದ್ದವರೂ ಒಂದು ಕ್ಷಣ ಹಿಗ್ಗಿದರೆಂದು ಮಹಾಭಾರತ ಹೇಳುತ್ತದೆ. ಡೆರಿಯಲ್ಲಿ ಹಾಗೆ ಕಿವಿಗೊಡುವ ಒಬ್ಬ ದೊಡ್ಡವನೂ ಇಲ್ಲ, ಮಕ್ಕಳೇ ಮಕ್ಕಳ ಮಾತು ಕೇಳಬೇಕು.

1984ರ ‘ಗ್ರೆಮ್ಲಿನ್ಸ್’ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನೀರು ಸೋಕಿಸಬಾರದು, ಪ್ರಖರ ಬೆಳಕಿಗೆ ಹಿಡಿಯಬಾರದು, ನಡುರಾತ್ರಿಯ ನಂತರ ತಿನ್ನಿಸಬಾರದು ಎಂಬ ಮೂರು ನಿಯಮಗಳನ್ನು ಮೀರಿದ್ದರಿಂದ ಊರು ಹಾಳಾಗುವ ಕಥೆ. ಮುದ್ದಾದ ಪ್ರಾಣಿಯನ್ನು ನೋಡಿ ಮೋಸಹೋಗಬೇಡಿ, ಅಡುಗೆಮನೆಯ ದೃಶ್ಯ ಒರಟಾಗಿದೆ. ಊರಿಗೆ ಗುಟ್ಟೇ ಇಲ್ಲದ್ದರಿಂದ ನಮ್ಮ ಅಳತೆಗೆ ಇದು ಹಗುರವಾದ ಸಿನಿಮಾ.

ಒಬ್ಬರನ್ನು ಕಳಿಸುವ ಊರು, ಯಾರನ್ನೂ ಕಳಿಸದ ಊರು

ನಿಜವಾದ ಆಯ್ಕೆ ಇರುವುದು ಇಲ್ಲಿ ಎಂದು ನಾನು ತಿಳಿದಿದ್ದೇನೆ. 1990ರ ‘ಟ್ರೆಮರ್ಸ್’ ಮತ್ತು 2007ರ ‘ದಿ ಮಿಸ್ಟ್’ ಎರಡರಲ್ಲೂ ಒಂದು ಊರಿನ ಜನ ಹೊರಗಿನ ಸಹಾಯವಿಲ್ಲದೆ ಒಂದೆಡೆ ಸಿಕ್ಕಿಕೊಂಡಿದ್ದಾರೆ, ಹೆಜ್ಜೆ ಹೊರಗಿಟ್ಟರೆ ಸಾವು. ಅಲ್ಲಿಂದ ಎರಡೂ ಹಿಡಿಯುವ ದಾರಿ ಒಂದಕ್ಕೊಂದು ನೇರ ವಿರುದ್ಧ.

‘ಟ್ರೆಮರ್ಸ್’ ನಿರ್ದೇಶಿಸಿದವರು ರಾನ್ ಅಂಡರ್‌ವುಡ್. ನೆವಾಡ ಮರುಭೂಮಿಯ ಪರ್ಫೆಕ್ಷನ್ ಎಂಬ ಊರಿನ ಜನಸಂಖ್ಯೆ 14. ಬೇಲಿ ಹಾಕುವುದು, ಕಸ ಸಾಗಿಸುವುದು ಮುಂತಾದ ಸಿಕ್ಕ ಕೂಲಿ ಮಾಡಿಕೊಂಡಿರುವ ವ್ಯಾಲ್ ಮತ್ತು ಅರ್ಲ್ ಊರು ಬಿಟ್ಟು ಹೋಗಬೇಕೆಂದು ಹೊರಟ ದಿನವೇ, ಕರೆಂಟಿನ ಗೋಪುರವೇರಿ ಕುಳಿತು ಇಳಿಯಲು ಹೆದರಿ ನೀರಿಲ್ಲದೆ ಸತ್ತ ಮುದುಕನೊಬ್ಬನನ್ನು ಕಾಣುತ್ತಾರೆ. ನೆಲದಡಿ ಚಲಿಸುವ ಹುಳುವಿನಂತಹ ದೊಡ್ಡ ಜೀವಿಗಳಿಗೆ ಕಣ್ಣಿಲ್ಲ, ಅವು ಹೆಜ್ಜೆಯ ಸದ್ದಿನ ಕಂಪನ ಹಿಡಿದು ಬರುತ್ತವೆ. ಬಂಡೆಯ ಮೇಲೆ ಹತ್ತಿದವರು ಬದುಕುತ್ತಾರೆ, ಆದರೆ ಬಂಡೆಯ ಮೇಲೆಯೇ ಉಳಿಯಬೇಕು. ಬಾಗೇಪಲ್ಲಿ, ಗುಡಿಬಂಡೆಯ ಬಂಡೆಗುಡ್ಡಗಳ ನಡುವೆ ಬೆಳೆದವರಿಗೆ ಆ ನೆಲದ ರೂಪ ಹೊಸದಲ್ಲ, ಯಾವ ಬಂಡೆಯಿಂದ ಯಾವುದಕ್ಕೆ ನೆಗೆಯಬಹುದೆಂದು ನಾವೂ ಕಣ್ಣಿನಲ್ಲೇ ಅಳೆಯುತ್ತೇವೆ.

ಈ ಸಿನಿಮಾದ ಭಯ ಹಗಲಿನದು. ಕತ್ತಲೆಯನ್ನು ನೆಚ್ಚದೆ, ಸುಡುಬಿಸಿಲಿನಲ್ಲಿ, ಏನೂ ಇಲ್ಲದ ಬಯಲನ್ನು ತೋರಿಸಿ ಹೆದರಿಸುವುದು ಸುಲಭದ ಕೆಲಸವಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಒಬ್ಬರನ್ನು ಮುಂದೆ ನೂಕಿ ಉಳಿದವರು ಪಾರಾಗೋಣವೆಂಬ ಮಾತು ಇಲ್ಲಿ ಯಾರ ಬಾಯಿಂದಲೂ ಬರುವುದಿಲ್ಲ. ಅಂಗಡಿಯವನು, ಭೂಕಂಪದ ಅಧ್ಯಯನಕ್ಕೆ ಬಂದ ವಿದ್ಯಾರ್ಥಿನಿ, ಮನೆ ತುಂಬ ಬಂದೂಕು ಕೂಡಿಟ್ಟ ಗಂಡ ಹೆಂಡತಿ, ಎಲ್ಲರಿಗೂ ಕಿರಿಕಿರಿ ಮಾಡುವ ಹುಡುಗ, ಎಲ್ಲರನ್ನೂ ಎಣಿಸಿಕೊಂಡೇ ಉಪಾಯ ಮಾಡುತ್ತಾರೆ. ಎಲ್ಲರಿಗೂ ಇಷ್ಟವಿಲ್ಲದ ಆ ಹುಡುಗನನ್ನೂ ಯಾರೂ ಬಿಟ್ಟುಹೋಗುವುದಿಲ್ಲ. 96 ನಿಮಿಷ, ನಗು ಧಾರಾಳ, ರಕ್ತ ಕಡಿಮೆ. ಎಂಟನೆಯ ತರಗತಿಯ ಮಕ್ಕಳಿಂದ ಅಜ್ಜನವರೆಗೆ ಎಲ್ಲರೂ ಇರುವ ಮನೆಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಈ ಪಟ್ಟಿಯಲ್ಲಿಲ್ಲ. ಇಂಗ್ಲಿಷ್ ಬಾರದ ಹಿರಿಯರಿಗೂ ಕಥೆ ತಪ್ಪುವುದಿಲ್ಲ, ಯಾರು ಎಲ್ಲಿ ನಿಂತಿದ್ದಾರೆ ಎಂಬುದು ಕಂಡರೆ ಸಾಕು.

‘ದಿ ಮಿಸ್ಟ್’ ಸ್ಟೀವನ್ ಕಿಂಗ್ ಅವರ 1980ರ ಕಿರುಕಾದಂಬರಿಯನ್ನು ಆಧರಿಸಿ ಫ್ರಾಂಕ್ ಡಾರಬಾಂಟ್ ನಿರ್ದೇಶಿಸಿದ ಸಿನಿಮಾ. ಬಿರುಗಾಳಿಯ ಮರುದಿನ ಡೇವಿಡ್ ಎಂಬ ಚಿತ್ರಕಾರ ತನ್ನ ಪುಟ್ಟ ಮಗನೊಂದಿಗೆ ಸೂಪರ್ ಮಾರ್ಕೆಟ್ಟಿಗೆ ಬಂದಾಗ ದಟ್ಟವಾದ ಮಂಜು ಇಡೀ ಊರನ್ನು ಮುಚ್ಚುತ್ತದೆ, ಮಂಜಿನೊಳಗೆ ಏನೋ ಇದೆ. ಬೆಟ್ಟದ ಮೇಲಿನ ಸೇನಾ ಶಿಬಿರದಲ್ಲಿ ನಡೆಯುತ್ತಿದ್ದ ಪ್ರಯೋಗದ ಬಗ್ಗೆ ಊರಿನವರಿಗೆ ಗುಸುಗುಸು ಗೊತ್ತಿತ್ತು, ಯಾರೂ ಕೇಳಿರಲಿಲ್ಲ. ಗಾಜಿನ ಗೋಡೆಯ ಅಂಗಡಿಯೊಳಗೆ ಸಿಕ್ಕಿಬಿದ್ದ ಜನರ ನಡುವೆ ಮೊದಲ ಒಂದು ಗಂಟೆಯಲ್ಲೇ ಒಬ್ಬ ಹೆಂಗಸು ಎದ್ದು ನಿಂತು, ಮನೆಯಲ್ಲಿ ನನ್ನ ಇಬ್ಬರು ಚಿಕ್ಕ ಮಕ್ಕಳಿದ್ದಾರೆ, ಯಾರಾದರೂ ನನ್ನ ಜೊತೆ ಮನೆಯವರೆಗೆ ಬರುತ್ತೀರಾ ಎಂದು ಕೇಳುತ್ತಾಳೆ. ಒಬ್ಬೊಬ್ಬರ ಮುಖವನ್ನೂ ನೋಡಿ ಕೇಳುತ್ತಾಳೆ. ಕಥಾನಾಯಕನೂ ಸೇರಿ ಯಾರೂ ಏಳುವುದಿಲ್ಲ. ಅವಳು ಒಬ್ಬಳೇ ಮಂಜಿನೊಳಗೆ ನಡೆಯುತ್ತಾಳೆ. ಕುಂತಿಯ ಕಥೆ ಕೇಳಿ ಬೆಳೆದವರಿಗೆ ಆ ದೃಶ್ಯದಲ್ಲಿ ಎದೆ ಹಿಂಡಿದಂತಾಗುತ್ತದೆ, ಏಕೆಂದರೆ ಇಡೀ ಸಿನಿಮಾದ ಗತಿ ಆ ಮೌನದಲ್ಲೇ ತೀರ್ಮಾನವಾಗಿಬಿಡುತ್ತದೆ.

ಮುಂದೆ ಹೊರಗಿನ ಜೀವಿಗಳು ಬರುತ್ತವೆ, ಅವು ಭೀಕರವಾಗಿಯೇ ಇವೆ. ಆದರೆ ಒಳಗೆ ಬೆಳೆಯುವುದು ಇನ್ನೂ ಭೀಕರ. ಮಿಸೆಸ್ ಕಾರ್ಮೊಡಿ ಎಂಬ ಹೆಂಗಸು ಇದೆಲ್ಲ ದೇವರ ಕೋಪ, ಬಲಿ ಕೊಟ್ಟರೆ ಶಾಂತವಾಗುತ್ತದೆ ಎಂದು ಬೋಧಿಸತೊಡಗುತ್ತಾಳೆ. ಮೊದಲ ದಿನ ಅವಳನ್ನು ನೋಡಿ ನಕ್ಕವರೇ ಎರಡನೆಯ ರಾತ್ರಿ ಅವಳ ಸುತ್ತ ಕೂರುತ್ತಾರೆ. ಏಕಚಕ್ರದ ಒಪ್ಪಂದ ಹೇಗೆ ಶುರುವಾಗಿರಬಹುದು, ಮೊದಲ ಬಂಡಿಯನ್ನು ಯಾರು ಕಟ್ಟಿರಬಹುದು, ಅಂದು ಊರಿನವರು ಒಬ್ಬರಿಗೊಬ್ಬರು ಏನು ಹೇಳಿಕೊಂಡಿರಬಹುದು ಎಂದು ಯೋಚಿಸಿದವರಿಗೆ ಈ ಸಿನಿಮಾ ಉತ್ತರ ಕೊಡುತ್ತದೆ. ಮಾರ್ಸಿಯಾ ಗೇ ಹಾರ್ಡನ್ ಅವರ ಅಭಿನಯದಲ್ಲಿ ಆ ಹೆಂಗಸು ಹುಚ್ಚಿಯಂತೆ ಕಾಣುವುದಿಲ್ಲ, ತಾನು ಆಡುವುದನ್ನು ಪೂರ್ತಿ ನಂಬಿದವಳಂತೆ ಕಾಣುತ್ತಾಳೆ. ನಮ್ಮ ಬಯಲುಸೀಮೆಯ ಮಣ್ಣಿನಲ್ಲೇ, ನಮ್ಮ ತೆಲುಗು ಬೆರೆತ ಕನ್ನಡದಲ್ಲೇ, ಏಕಚಕ್ರದ ಆ ಮೊದಲ ಬಂಡಿಯ ರಾತ್ರಿಯನ್ನು ಯಾರಾದರೂ ಸಿನಿಮಾ ಮಾಡಬೇಕೆಂಬ ಆಸೆ ನನಗೆ ಬಹುಕಾಲದಿಂದ ಇದೆ.

ಇದರ ಅಂತ್ಯ ಕಿಂಗ್ ಅವರ ಮೂಲ ಕಥೆಯ ಅಂತ್ಯವಲ್ಲ, ನಿರ್ದೇಶಕರೇ ಬರೆದುಕೊಂಡದ್ದು. ಅದನ್ನು ಮೊದಲೇ ಯಾರಿಂದಲೂ ಕೇಳಿಕೊಳ್ಳಬೇಡಿ, ನೋಡಿದವರು ಮನೆಯಲ್ಲಿದ್ದರೆ ಬಾಯಿ ಬಿಡದಂತೆ ಕೇಳಿಕೊಳ್ಳಿ. ಹೊಸದಾಗಿ ಮಕ್ಕಳಾದವರು, ಇತ್ತೀಚೆಗೆ ಮನೆಯಲ್ಲಿ ಸಾವು ಕಂಡವರು ಈ ಸಿನಿಮಾವನ್ನು ಮುಂದಕ್ಕೆ ಹಾಕುವುದು ಒಳ್ಳೆಯದೆಂದು ನಾನು ಮನಸಾರೆ ಹೇಳುತ್ತೇನೆ. ಉಳಿದ ದೊಡ್ಡವರಿಗೆ ಇಡೀ ಪಟ್ಟಿಯಲ್ಲಿ ನನ್ನ ಮೊದಲ ಆಯ್ಕೆ ಇದೇ.

ಮನೆಯಲ್ಲಿ ಯಾರಿದ್ದಾರೆಂದು ನೋಡಿ ಹಾಕಿ

ಮಕ್ಕಳು, ಅಜ್ಜ ಅಜ್ಜಿ ಎಲ್ಲರೂ ಇದ್ದರೆ ‘ಟ್ರೆಮರ್ಸ್’. ಹೈಸ್ಕೂಲಿನ ಮಕ್ಕಳು ಮಾತ್ರ ಇದ್ದರೆ ‘ಸೂಪರ್ 8’. ಇಂಗ್ಲಿಷ್ ಮಾತುಗಳನ್ನು ಹಿಡಿಯುವುದು ಕಷ್ಟವೆನ್ನುವ ದೊಡ್ಡವರಿಗೆ ‘ತುಂಬಾಡ್’. ಮೇಲೆ ಹೇಳಿದ ಉಳಿದವೆಲ್ಲ ಇಂಗ್ಲಿಷ್ ಸಿನಿಮಾಗಳೇ ಆದ್ದರಿಂದ ಕೆಳಗೆ ಅಕ್ಷರ ಬರುವ ಸೌಲಭ್ಯವನ್ನು ಮೊದಲೇ ಹಾಕಿಕೊಳ್ಳಿ. ‘ದಿ ಮಿಸ್ಟ್’ನಲ್ಲಿ ಅಂಗಡಿಯೊಳಗಿನ ವಾದಗಳೇ ಕಥೆಯ ಜೀವ, ಅವು ಅರ್ಥವಾಗದಿದ್ದರೆ ಬರಿಯ ಕೀಟಗಳು ಉಳಿಯುತ್ತವೆ. ಶಬ್ದವನ್ನು ಒಮ್ಮೆ ಸರಿಮಾಡಿಕೊಂಡ ಮೇಲೆ ರಿಮೋಟ್ ಮುಟ್ಟಬಾರದು, ಮೆಲುದನಿಯ ಮಾತು ಕೇಳಲೆಂದು ಹೆಚ್ಚಿಸಿದರೆ ಮುಂದಿನ ಕ್ಷಣದ ಚೀರಾಟಕ್ಕೆ ಒಳಕೋಣೆಯಲ್ಲಿ ಮಲಗಿದ ಕೂಸು ಎದ್ದುಬಿಡುತ್ತದೆ.

ಎರಡು ರಾತ್ರಿಗಳಿದ್ದರೆ ‘ಟ್ರೆಮರ್ಸ್’ ಮೊದಲ ರಾತ್ರಿ, ‘ದಿ ಮಿಸ್ಟ್’ ಮರುರಾತ್ರಿ ಇರಲಿ. ಎಲ್ಲರನ್ನೂ ಎಣಿಸಿಕೊಂಡ ಊರನ್ನು ನೋಡಿದ ಕಣ್ಣಿಗೆ, ಜೊತೆಗೆ ಬರುತ್ತೀರಾ ಎಂದು ಕೇಳಿದವಳನ್ನು ಒಬ್ಬಳನ್ನೇ ಕಳಿಸಿದ ಊರು ಏನೆಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ. ಎರಡನೆಯ ರಾತ್ರಿ ಊಟ ಬೇಗ ಮುಗಿಸಿ ಎಂಟಕ್ಕೆಲ್ಲ ಶುರು ಮಾಡಿ. 126 ನಿಮಿಷಗಳ ನಂತರ ಯಾರೂ ತಕ್ಷಣ ಮಲಗಲು ಏಳುವುದಿಲ್ಲ, ಆ ಅಂಗಡಿಯಲ್ಲಿ ನಾವಿದ್ದಿದ್ದರೆ ಎದ್ದು ಹೋಗುತ್ತಿದ್ದೆವೇ ಎಂಬ ಮಾತು ಬಂದೇ ಬರುತ್ತದೆ, ಅದಕ್ಕೆ ಸಮಯ ಉಳಿಸಿಕೊಳ್ಳಿ.